ಹುಳಿಗೆ ಉಪ್ಪಿಲ್ಲ ಎಂದು ಎಲ್ಲರಿಗೂ ಗೊತ್ತಾದ ಮೇಲೆ

ಬೆಂಗಳೂರಿಗೆ ಬಂದ ಮರುದಿನ ಬೆಳಿಗ್ಗೆ ನಾನು ಕಂಡ ಮೊದಲ ದೃಶ್ಯವೆಂದರೆ, ಒಬ್ಬ ಮನುಷ್ಯ ಇನ್ನೊಬ್ಬನ ತಲೆಯ ಮೇಲೆ ತೆಂಗಿನಕಾಯಿ ಒಡೆದದ್ದು. ಚಾಮರಾಜಪೇಟೆಯಲ್ಲಿ ನಾವು ಹಿಡಿದ ಬಾಡಿಗೆ ಮನೆಯ ಕೆಳಗೆ, ರಸ್ತೆಯ ತಿರುವಿನಲ್ಲಿ, ಬಿಳಿ ಪಂಚೆ ಉಟ್ಟ ಒಂದಷ್ಟು ಗಂಡಸರು ನಿಂತಿದ್ದರು. ಕಿಟಕಿ ತೆಗೆದ ನಾನು ಯಾವುದೋ ಪೂಜೆ ಇರಬೇಕೆಂದುಕೊಂಡೆ. ಯಾರೂ ದನಿ ಎತ್ತಿರಲಿಲ್ಲ. "ನೀವು ಮಾಡಿದ್ದು ಸರಿ ಇಲ್ಲ ಸ್ವಾಮಿ," ಎಂದು ಒಬ್ಬ ಬಹಳ ಮರ್ಯಾದೆಯಿಂದ ಹೇಳಿದ. "ಹೌದಾ, ಸರಿ ಬಿಡಿ," ಎಂದ ಇನ್ನೊಬ್ಬ, ಕೈಚೀಲದಿಂದ ಕಾಯಿ ತೆಗೆದು ಬೀಸಿಯೇಬಿಟ್ಟ. ರಕ್ತ ಕಿವಿಯ ಪಕ್ಕದಿಂದ ಇಳಿದು ಬಿಳಿ ಅಂಗಿಗೆ ಹರಡಿತು. ನಾನು ಕಿಟಕಿಯಿಂದಲೇ ಕಿರುಚಿದೆ: "ಏ, ಏನ್ ನೋಡ್ಕೋತ ನಿಂತೀರಿ, ಬಿಡಸ್ರೀ!" ಎಲ್ಲರೂ ತಲೆ ಎತ್ತಿ ನನ್ನ ಕಡೆ ನೋಡಿದರು. ಹೊಡೆದವನಿಗಿಂತ ಕೂಗಿದ ನನ್ನನ್ನು ಕಂಡೇ ಅವರಿಗೆ ಗಾಬರಿಯಾದಂತಿತ್ತು.

ಸೊಲ್ಲಾಪುರದಲ್ಲಿ ಕೂತು ಇದನ್ನು ಓದುತ್ತಿರುವ ನಿಮಗೆ ನಗು ಬರಬಹುದು. ನಮ್ಮಲ್ಲಿ ನಲ್ಲಿಯ ಮುಂದೆ ಕೊಡಕ್ಕಾಗಿ ಜಗಳವಾದರೆ ಇಡೀ ಓಣಿಗೆ ಕೇಳಬೇಕು. ಮೂರು ತಲೆಮಾರಿನ ಹೆಸರು ಹೇಳಿ ಬೈದು, ಸಂಜೆಗೆ ಅದೇ ಮನೆಯಿಂದ ಶೇಂಗಾ ಚಟ್ನಿ ಈಸಿಕೊಂಡು ಬರುತ್ತೇವೆ. ದನಿ ಏರುತ್ತದೆ, ಕೈ ಏಳುವುದಿಲ್ಲ. ಇಲ್ಲಿ ದನಿ ಏರುವುದೇ ಇಲ್ಲ. ಕೈ ಯಾವಾಗ ಬಂತು ಎಂದು ತಿಳಿಯುವ ಹೊತ್ತಿಗೆ ತಲೆ ಒಡೆದಿರುತ್ತದೆ. ಮೊದಲ ವಾರವೇ ಮನೆ ಒಡತಿ ನನ್ನನ್ನು ಕರೆದು, "ನಿಮ್ಮ ಯಜಮಾನ್ರ ಜೊತೆ ಯಾಕಮ್ಮ ದಿನಾ ಜಗಳ ಆಡ್ತೀರಾ?" ಎಂದು ಕೇಳಿದರು. ನಾನು ಗಂಡನನ್ನು ಊಟಕ್ಕೆ ಬನ್ನಿ ಎಂದು ಕರೆದದ್ದನ್ನು ಆಕೆ ಜಗಳವೆಂದುಕೊಂಡಿದ್ದರು.

ತಿರುವಿನಲ್ಲಿ ನಿಲ್ಲುತ್ತಿದ್ದವರು ಮದುವೆ ಅಡುಗೆಯವರು ಮತ್ತು ಬಡಿಸುವವರು. ನಾವು ಮಂಗಲ ಕಾರ್ಯಾಲಯ ಎನ್ನುವುದನ್ನು ಇಲ್ಲಿ ಛತ್ರ ಎನ್ನುತ್ತಾರೆ. ಬಸವನಗುಡಿ, ಎನ್.ಆರ್. ಕಾಲೋನಿ, ಮಲ್ಲೇಶ್ವರದ ಸಂಪಿಗೆ ರಸ್ತೆಯ ಸುತ್ತ, ಎಲ್ಲಿ ನೋಡಿದರೂ ಛತ್ರಗಳು. ಪೇಟೆ ವ್ಯಾಪಾರದ ಮನೆತನಗಳ ಮದುವೆಗಳಿಗೆ ಅಡುಗೆ ಒಪ್ಪಿಕೊಳ್ಳುತ್ತಿದ್ದವರು ಮಹದೇವಯ್ಯ ಎಂಬ ಮೇಸ್ತ್ರಿ. ಅರವತ್ತು ದಾಟಿದ ಗಟ್ಟಿಮುಟ್ಟಾದ ಮನುಷ್ಯ, ಹಣೆ ತುಂಬ ವಿಭೂತಿ. ಬೆಳಗಾಗುವ ಮುಂಚೆ ಸ್ಕೂಟರಿನಲ್ಲಿ ಬಂದು, ಇಳಿಯದೆ, ಬೆರಳು ತೋರಿಸುತ್ತಿದ್ದರು. ನೀನು ಈ ಛತ್ರ, ನೀನು ಆ ಛತ್ರ. ಯಾವ ಛತ್ರದಲ್ಲಿ ಕೆಲಸವಿದೆ ಎಂಬುದು ಅವರೊಬ್ಬರಿಗೇ ಗೊತ್ತು. ಬೆರಳು ಬೀಳದವರು ಬೆರಳು ಬಿದ್ದವರ ಮೇಲೆ ಬೀಳುತ್ತಿದ್ದರು. ಮದುವೆ ಕಾಲದಲ್ಲಿ ಆ ತಿರುವಿನ ಕಲ್ಲು ತೊಳೆಯದ ದಿನವಿರಲಿಲ್ಲ.

ನನ್ನ ಗಂಡ ಶಿವಾನಂದ ಆ ಗುಂಪಿಗೇ ಸೇರಿದರು. ಸೊಲ್ಲಾಪುರದಲ್ಲಿ ಮಗ್ಗದ ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಅವರ ಕೈಯಲ್ಲಿ ಉಳಿದಿದ್ದ ವಿದ್ಯೆ ಒಂದೇ, ಮಠದ ದಾಸೋಹದಲ್ಲಿ ಬಡಿಸಿದ ಅಭ್ಯಾಸ. ಬಕೆಟ್ಟು ಹಿಡಿದು ಸಾಲಿನಲ್ಲಿ ನಡೆದರೆ ಒಂದು ಹನಿ ಕೆಳಗೆ ಬೀಳುತ್ತಿರಲಿಲ್ಲ. ಮಹದೇವಯ್ಯ ಅವರನ್ನು ಬೇಗ ಮೆಚ್ಚಿಕೊಂಡರು, ಆ ಮೆಚ್ಚುಗೆಗಾಗಿ ನನ್ನ ಗಂಡ ಒಮ್ಮೆ ಮೂಗಿನ ಮೇಲೆ ಗುದ್ದು ತಿಂದು ಬಂದರು. ನಾನು ಅರಿಸಿನ ಹಚ್ಚುತ್ತಾ, "ಇದೇನು ಊರ್ರೀ, ಊಟಾ ಬಡಸಾಕ ಹೋದ್ರ ಹೊಡಸ್ಕೊಂಡ್ ಬರೋದು," ಎಂದು ಬೈದೆ. ಅವರು ನಕ್ಕರು. ಅವರ ಸ್ವಭಾವವೇ ಹಾಗೆ, ಎಲ್ಲಿ ಇಟ್ಟರೆ ಅಲ್ಲಿ ಬೇರು ಬಿಡುವವರು. ನಾನು ಮಾತ್ರ ರೊಟ್ಟಿ ಸಿಗದ ಊರಿನಲ್ಲಿ ಮುದ್ದೆ ನುಂಗಲಾರದೆ, ಮೂರು ಹೊತ್ತೂ ಅನ್ನ ತಿಂದು, ಮಾತಾಡಿದರೆ ಜಗಳವೆಂದು ತಿಳಿಯುವ ಜನರ ನಡುವೆ ಬಾಯಿ ಹೊಲಿದುಕೊಂಡು ಕೂತಿದ್ದೆ.

ನನಗೆ ಕೆಲಸ ಸಿಕ್ಕಿದ್ದು ಪ್ರಕಾಶ ಎಂಬ ಹುಡುಗನ ಆಫೀಸಿನಲ್ಲಿ. ಹುಡುಗ ಎಂದರೆ ಮೂವತ್ತರ ಆಸುಪಾಸು. ಮನೆ ತ್ಯಾಗರಾಜನಗರದಲ್ಲಿ, ಅಪ್ಪನದು ಪೇಟೆಯಲ್ಲಿ ಹಳೇ ಬಟ್ಟೆ ಅಂಗಡಿ. ಆಗಿನ್ನೂ ಗುಂಡಿ ಒತ್ತುವ ಮೊಬೈಲುಗಳ ಕಾಲ. ಒಂದು ಕಂಪ್ಯೂಟರಿಗೆ ಮೊಬೈಲಿನಂಥದೇ ಯಂತ್ರ ಕಟ್ಟಿ ಅವನು ಒಂದು ಏರ್ಪಾಟು ಮಾಡಿದ್ದ. ಒಂದು ಆಫೀಸಿನವರ ನಂಬರುಗಳನ್ನೆಲ್ಲ ಒಂದು ಗುಂಪು ಮಾಡುವುದು. ಆ ಗುಂಪಿನವರಲ್ಲಿ ಯಾರೇ ಆಗಲಿ ನಮ್ಮ ನಂಬರಿಗೆ ಮೆಸೇಜು ಕಳಿಸಿದರೆ ಅದು ಗುಂಪಿನ ಎಲ್ಲರಿಗೂ ಹೋಗುತ್ತದೆ. ನಂಬರು ಸೇರಿಸುವುದು, ತೆಗೆಯುವುದು, ಯಂತ್ರ ಕೆಟ್ಟರೆ ಬಡಿದು ಎಬ್ಬಿಸುವುದು ನನ್ನ ಕೆಲಸ. ಪ್ರಕಾಶ ಅದನ್ನು ದೊಡ್ಡ ಕಂಪನಿಗಳಿಗೆ ಮಾರಲು ಟೈ ಕಟ್ಟಿಕೊಂಡು ಅಲೆಯುತ್ತಿದ್ದ. ಅವರಿಗೆಲ್ಲ ಕಂಪ್ಯೂಟರಿನಲ್ಲೇ ಮಾತಾಡಿಕೊಳ್ಳುವ ಬೇರೆ ಬೇರೆ ಸೌಲಭ್ಯಗಳಿದ್ದವು, ಇವನು ಯಾರಿಗೆ ಬೇಕು?

ಆಫೀಸಿನ ಕಿಟಕಿಯಿಂದ ತಿರುವಿನ ಜಗಳ ತೋರಿಸಿ ನಾನೇ ಒಂದು ದಿನ ಹೇಳಿದೆ: "ಸರ್, ಇವರಿಗೆ ಮಾರ್ರಿ. ಯಾರು ಎಲ್ಲಿ ಹೋಗಬೇಕಂತ ಹಿಂದಿನ ದಿನಾನೇ ಎಲ್ಲಾರಿಗೂ ಗೊತ್ತಾದ್ರ ಯಾಕ ಹೊಡೆದಾಡ್ತಾರ?"

ಪ್ರಕಾಶ ನನ್ನ ಮುಖವನ್ನೇ ನೋಡಿದ. "ಮೇಡಂ, ಇದ್ರಲ್ಲಿ ಬಿಸಿನೆಸ್ ಇದೆ ಕಣ್ರೀ! ಇವ್ರಿಗೆ ಆಫೀಸೇ ಇಲ್ಲ. ಮೊಬೈಲೇ ಆಫೀಸು!" ಎಂದು ಕುರ್ಚಿಯಿಂದ ಎದ್ದ. ನಾನು ಬೆಂಗಳೂರಿಗೆ ಬಂದ ಮೇಲೆ ನನ್ನ ಮಾತನ್ನು ಜಗಳವೆಂದು ತಿಳಿಯದೆ ಕೇಳಿದ ಮೊದಲ ಮನುಷ್ಯ ಅವನು. ಅವತ್ತು ಮನೆಗೆ ಹೋಗಿ ಶೇಂಗಾ ಹೋಳಿಗೆ ಮಾಡಿದೆ.

ಮಹದೇವಯ್ಯ ಒಪ್ಪಿದ್ದು ನನ್ನ ಗಂಡ ಹೇಳಿದ್ದರಿಂದ. ಯಾರು ಯಾವ ಛತ್ರಕ್ಕೆ ಎಂದು ಅವರು ಹಿಂದಿನ ಸಂಜೆ ಹೇಳಿದ್ದನ್ನು ನನ್ನ ಗಂಡ ಗುಂಪಿಗೆ ಬರೆಯುತ್ತಿದ್ದರು. ನೋಡನೋಡುತ್ತ ತಿರುವು ಖಾಲಿಯಾಯಿತು. ಜನ ಮನೆಯಿಂದ ನೇರವಾಗಿ ಛತ್ರಕ್ಕೆ ಹೋಗುವಂತಾಯಿತು. ಎನ್.ಆರ್. ಕಾಲೋನಿಯಲ್ಲಿ ಗ್ಯಾಸ್ ಮುಗಿದಿದೆ ಎಂದು ಒಬ್ಬ ಬರೆದರೆ ಬಸವನಗುಡಿಯಿಂದ ಇನ್ನೊಬ್ಬ ಸಿಲಿಂಡರು ಹೊತ್ತು ಬರುತ್ತಿದ್ದ. ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿದ ಅವರ ಕನ್ನಡ ನನ್ನ ಪರದೆಯ ಮೇಲೆ ದಿನವಿಡೀ ಓಡುತ್ತಿತ್ತು. ಯಾವ ಗುಂಪಿಗೂ ಸೇರದ ನಾನು ಎಲ್ಲರ ಮಾತನ್ನೂ ಓದುತ್ತಿದ್ದೆ. ಒಂಟಿತನಕ್ಕೆ ಅದೊಂದು ಔಷಧಿಯಂತಿತ್ತು ಎಂದರೆ ಸುಳ್ಳಲ್ಲ.

ಆದರೆ ಹೊಡೆದಾಟ ಸತ್ತಿರಲಿಲ್ಲ, ತಿರುವು ಬಿಟ್ಟು ಒಳಗೆ ಹೋಗಿತ್ತು. ಮೊದಲು ಮೇಸ್ತ್ರಿಯ ಬಾಯಿಂದ ಬರಬೇಕಾಗಿದ್ದ ಮಾತು ಈಗ ಯಾರ ಬೆರಳಿನಿಂದ ಬೇಕಾದರೂ ಬರುತ್ತಿತ್ತು. "ನಿನ್ನೆ ಪಲ್ಯ ಸೀದಿತ್ತು," ಎಂದು ಒಬ್ಬ ಬರೆದ. ಮರುದಿನ ಅವನ ಸ್ಕೂಟರಿನ ಸೀಟನ್ನು ಯಾರೋ ಉದ್ದಕ್ಕೂ ಕುಯ್ದಿದ್ದರು. ಹೋಳಿಗೆ ತಟ್ಟುವವನು ತಡವಾಗಿ ಬಂದದ್ದನ್ನು ಎಲ್ಲರಿಗೂ ತಿಳಿಸಿದವನ ಕೈಬೆರಳು ಗ್ರೈಂಡರಿನ ಕಲ್ಲಿಗೆ ಸಿಕ್ಕಿ ಜಜ್ಜಿಹೋಯಿತು. ಯಾರೋ ಸ್ವಿಚ್ಚು ಹಾಕಿದ್ದರು. ಮಹದೇವಯ್ಯ ಒಮ್ಮೆ ಆಫೀಸಿನ ಮೆಟ್ಟಿಲು ಹತ್ತಿ ಬಂದು ನನ್ನ ಮುಂದೆ ನಿಂತರು. "ತಾಯಿ, ಇದನ್ನ ನಿಲ್ಸಿ. ಅಡಿಗೆಮನೆ ಮಾತು ಬೀದಿಗೆ ಬರ್ತಿದೆ," ಎಂದರು. ಪ್ರಕಾಶ ಒಳಗಿನಿಂದ, "ಅಯ್ಯನೋರೇ, ಮುಚ್ಚಿಟ್ರೇನೇ ಜಗಳ ಜಾಸ್ತಿ ಆಗೋದು. ಎಲ್ಲಾ ಓಪನ್ ಆಗಿರ್ಲಿ," ಎಂದ. ಅವರು ಮೆಟ್ಟಿಲು ಇಳಿದು ಹೋದರು.

ಅವರ ತಂಡದಲ್ಲಿ ಒಂದು ಪದ್ಧತಿಯಿತ್ತು, ಅದನ್ನು ಈಗಲೇ ಹೇಳಬೇಕು. ದೇವರಿಗೆ ಎಡೆ ಹೋಗುವ ತನಕ ಅಡುಗೆಯ ರುಚಿ ನೋಡುವಂತಿಲ್ಲ. ಆದ್ದರಿಂದ ತಪ್ಪು ಗೊತ್ತಾಗುವುದು ಪಂಕ್ತಿ ಕೂತ ಮೇಲೆ. ಪಂಕ್ತಿ ಎಂದರೆ ಊಟದ ಸಾಲು. ಅಲ್ಲಿ ಏನಾದರೂ ದೂರು ಬಂದರೆ ಬಡಿಸುವವನು ಬಾಯಿ ಬಿಡಬಾರದು. ಆ ಪದಾರ್ಥವನ್ನೇ ಒಂದು ದೊನ್ನೆಗೆ, ಅಂದರೆ ಎಲೆಯ ಬಟ್ಟಲಿಗೆ, ಹಾಕಿಕೊಂಡು ಹೋಗಿ ಮೇಸ್ತ್ರಿಯ ಎಡಗಡೆ ಇಟ್ಟು ಬರಬೇಕು. ಮೇಸ್ತ್ರಿ ನಾಲಗೆಗೆ ಹಚ್ಚಿಕೊಂಡು ತಿಳಿದುಕೊಳ್ಳುತ್ತಾರೆ, ಸರಿಮಾಡುತ್ತಾರೆ. ಪಕ್ಕದಲ್ಲಿ ಕಾಯಿ ತುರಿಯುವವನಿಗೂ ಗೊತ್ತಾಗುವುದಿಲ್ಲ. ನನ್ನ ಗಂಡ ಇದನ್ನು ಮೊದಲ ವಾರವೇ ಕಲಿತಿದ್ದರು.

ಬಸವನಗುಡಿಯ ಒಂದು ಛತ್ರದಲ್ಲಿ ದೊಡ್ಡ ಮದುವೆ. ಹೆಣ್ಣಿನ ತಂದೆ ಪೇಟೆಯ ವ್ಯಾಪಾರಿ, ಪ್ರಕಾಶನ ಅಪ್ಪನಿಗೆ ಬೇಕಾದವರು. ತನ್ನ ಏರ್ಪಾಟು ತೋರಿಸುವ ಹುರುಪಿನಲ್ಲಿ ಪ್ರಕಾಶ ಅವತ್ತಿನ ಮಟ್ಟಿಗೆ ಅವರ ನಂಬರನ್ನೂ ಅಡುಗೆ ಗುಂಪಿಗೆ ಸೇರಿಸಿದ, ತಾನೇ ಸೇರಿಸಿದ. ಬಡಿಸುವವರಿಗೆಲ್ಲ ಬೆಳಿಗ್ಗೆಯೇ ತಾಕೀತು ಮಾಡಿದ: "ಏನೇ ಪ್ರಾಬ್ಲಂ ಇರ್ಲಿ, ಓಡಾಡ್ಬೇಡಿ, ಗುಂಪಿಗೆ ಹಾಕ್ಬಿಡಿ."

ಮೊದಲ ಪಂಕ್ತಿ ಗಂಡಿನ ಕಡೆಯವರದು. ಹುಳಿ ಬಡಿಸುತ್ತಿದ್ದವರು ನನ್ನ ಗಂಡ. ಹುಳಿ ಎಂದರೆ ಇಲ್ಲಿ ಬೇಳೆ ತರಕಾರಿ ಹಾಕಿದ ಗಟ್ಟಿ ಸಾರು. ಅದಕ್ಕೆ ಉಪ್ಪು ಬಿದ್ದಿಲ್ಲವೆಂದು ಊಟಕ್ಕೆ ಕೂತವರೊಬ್ಬರು ಮೆಲ್ಲಗೆ ಹೇಳಿದರು. ಎರಡು ಕೈಯಲ್ಲೂ ಕೆಲಸ, ಸಾಲು ಉದ್ದ, ಅಡುಗೆಮನೆ ಹಿಂದೆ ಎಲ್ಲೋ. ಅವರು ಕೈ ತೊಳೆಯುವ ತೊಟ್ಟಿಯ ಬಳಿ ನಿಂತು ಮೊಬೈಲು ತೆಗೆದು ಕುಟ್ಟಿದರು: "ಹುಳಿಗೆ ಉಪ್ಪಿಲ್ಲ." ನನ್ನ ಪರದೆಯ ಮೇಲೆ ಆ ಸಾಲು ಬಂದಾಗ ನಾನು ಚಹಾ ಕುಡಿಯುತ್ತಿದ್ದೆ. ಅದರಲ್ಲಿ ಹೆದರುವಂಥದ್ದು ಏನೂ ಕಾಣಲಿಲ್ಲ.

ಅಲ್ಲಿ ಆದದ್ದನ್ನು ನಾನು ಆಮೇಲೆ ಬಡಿಸುವವರ ಹೆಂಡಂದಿರಿಂದ ಕೇಳಿ ತಿಳಿದೆ. ಹೆಣ್ಣಿನ ತಂದೆ ಮೊಬೈಲು ನೋಡುವಾಗ ಬೀಗರು ಪಕ್ಕದಲ್ಲೇ ಕೂತಿದ್ದರು, ಅವರೂ ಬಗ್ಗಿ ಓದಿದರು. "ಉಪ್ಪಿಗೂ ಗತಿ ಇಲ್ವಾ ಸ್ವಾಮಿ?" ಎಂದು ನಕ್ಕರು. ಹೆಣ್ಣಿನ ಅಣ್ಣ ಎದ್ದ. ಮಾತು ಅಲ್ಲಿಗೆ ಮುಗಿಯಿತು, ಕೈ ಶುರುವಾಯಿತು. ಎಲೆಗಳ ಮೇಲೆ ಕಾಲಿಟ್ಟು ಜನ ಓಡಿದರು. ಪಾಯಸದ ಬಕೆಟ್ಟು ಒಬ್ಬನ ಮುಖಕ್ಕೆ ಬಡಿದು ಎರಡು ಹಲ್ಲು ಉದುರಿದವು. ಕಬ್ಬಿಣದ ಕುರ್ಚಿಯಿಂದ ಗಂಡಿನ ಚಿಕ್ಕಪ್ಪನ ಮೊಣಕೈ ಮುರಿಯಿತು. ಮದುಮಗಳ ಸೋದರಮಾವ ಅಡುಗೆಮನೆಗೆ ನುಗ್ಗಿ, ಎಲ್ಲ ಅಡುಗೆಯವರ ಎದುರಿಗೆ, ಮಹದೇವಯ್ಯನವರ ಶಲ್ಯ ಹಿಡಿದು ಎಳೆದು ಕೆನ್ನೆಗೆ ಬಾರಿಸಿದ. ನಲವತ್ತು ವರ್ಷದಿಂದ ಯಾರ ಮುಂದೆಯೂ ತಲೆ ತಗ್ಗಿಸದ ಮನುಷ್ಯ. ಮದುವೆ ಮನೆಯವರಿಗೆ ತಿರುಗಿ ಹೊಡೆಯುವಂತಿಲ್ಲ. ಅಷ್ಟರಲ್ಲಿ ಬಾಗಿಲಲ್ಲಿ ಮೊಬೈಲು ಹಿಡಿದು ನಿಂತ ನನ್ನ ಗಂಡ ಕಣ್ಣಿಗೆ ಬಿದ್ದರು. ಮಹದೇವಯ್ಯ ಕುದಿಯುವ ಕೊಪ್ಪರಿಗೆಗೆ ದೊಡ್ಡ ಸೌಟು ಅದ್ದಿ, ತುಂಬಿದ ಸೌಟಿನಿಂದಲೇ ಹೊಡೆದರು. ಕುತ್ತಿಗೆಯಿಂದ ಬಲ ಮುಂಗೈವರೆಗೆ ಹುಳಿ ಇಳಿಯಿತು. ಅಂಗಿ ಬಿಚ್ಚಿದಾಗ ಚರ್ಮ ಅದರ ಜೊತೆಗೇ ಬಂತಂತೆ.

ಆಸ್ಪತ್ರೆಯಲ್ಲಿ ಅವರನ್ನು ನೋಡಿದ ಮೇಲೆ ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಮರುದಿನ ಬೆಳಿಗ್ಗೆ ಅಡುಗೆಯವರೆಲ್ಲ ಮೊದಲಿನಂತೆ ತಿರುವಿನಲ್ಲಿ ಸೇರಿದ್ದರು, ಗುಂಪಿಗೆ ಯಾರೂ ಏನೂ ಬರೆದಿರಲಿಲ್ಲ. ಮಹದೇವಯ್ಯ ಸ್ಕೂಟರಿನ ಮೇಲೆ ಕೂತಿದ್ದರು. ನಾನು ಹೋಗಿ, ಅವರ ವಯಸ್ಸು ನೋಡದೆ, ವಿಭೂತಿ ನೋಡದೆ, ಕೈಲಾದಷ್ಟು ಬಲವಾಗಿ ಹೊಡೆದೆ. ಕನ್ನಡಕ ರಸ್ತೆಗೆ ಬಿತ್ತು. ಯಾರೋ ನನ್ನನ್ನು ತಳ್ಳಿದರು, ಕಲ್ಲಿಗೆ ಮೊಣಕಾಲು ಬಡಿದು ಸೀರೆ ರಕ್ತವಾಯಿತು. "ಮುಟ್ಬೇಡ್ರೋ ಆಯಮ್ಮನ್ನ," ಎಂದರು ಮಹದೇವಯ್ಯ. ಅವರು ಕೈ ಚಾಚಿ ಎಬ್ಬಿಸಲು ಬಂದರು, ನಾನು ಆ ಕೈಯನ್ನೂ ಹೊಡೆದೆ. ಆ ಏಟಿಗೆ ನನಗೆ ಅವತ್ತೂ ಪಶ್ಚಾತ್ತಾಪವಿರಲಿಲ್ಲ, ಇವತ್ತೂ ಇಲ್ಲ.

ಠಾಣೆಯಲ್ಲಿ ಇನ್‌ಸ್ಪೆಕ್ಟರು ಕೇಳಿದ್ದು ಒಂದೇ ಮಾತು: "ನೋಡಿದೋರು ಯಾರಮ್ಮಾ? ಸಾಕ್ಷಿ ಬೇಕಲ್ವಾ?" ಮದುವೆಯವರು ಮಾನ ಹೋದೀತೆಂದು ಏನೂ ಆಗಲೇ ಇಲ್ಲ ಎಂದುಬಿಟ್ಟಿದ್ದರು. ನಾನು ಆಫೀಸಿಗೆ ಹೋಗಿ, ಕಂಪನಿಯ ಹೆಸರಿನಿಂದಲೇ ಅಡುಗೆ ಗುಂಪಿಗೆ ಬರೆದೆ. ಶಿವಾನಂದರ ಮೇಲೆ ಬಿಸಿ ಹುಳಿ ಬಿದ್ದದ್ದನ್ನು ಯಾರು ನೋಡಿದಿರಿ, ಠಾಣೆಗೆ ಬಂದು ಯಾರು ಹೇಳುತ್ತೀರಿ? ಮೆಸೇಜು ಎಲ್ಲರಿಗೂ ಮುಟ್ಟಿದೆ ಎಂದು ಪರದೆ ಹೇಳಿತು. ಉಳಿದ ದಿನ ಉಪ್ಪು, ಗ್ಯಾಸು, ಬಾಳೆಲೆ ಎಂದು ಬಡಬಡಿಸುತ್ತಿದ್ದ ಗುಂಪಿನಲ್ಲಿ ಒಬ್ಬನೂ ಉಸಿರೆತ್ತಲಿಲ್ಲ. ನನ್ನ ಮನೆಯ ಹೋಳಿಗೆ ತಿಂದವರಿದ್ದರು, ನನ್ನನ್ನು ಅಕ್ಕಾ ಎಂದವರಿದ್ದರು. ಹಾಳಾಗಿ ಹೋಗಲಿ ಈ ಊರು ಎಂದು ಶಪಿಸುತ್ತಾ ಕೂತಿದ್ದೆ.

ಸಂಜೆ ಒಂದೇ ಒಂದು ಉತ್ತರ ಬಂತು. "ಹೊಡೆದೋನು ನಾನು. ನಾನೇ ಬರ್ತೀನಿ. ಮಹದೇವಯ್ಯ." ಅದಕ್ಕೆ ಮುಂಚೆ ಅವರು ಒಂದು ಅಕ್ಷರವನ್ನೂ ಗುಂಪಿಗೆ ಕಳಿಸಿದವರಲ್ಲ. ಇಂಗ್ಲಿಷ್ ಅಕ್ಷರ ಬಾರದು, ಮಗಳ ಕೈಲಿ ಬರೆಸಿದ್ದರು. ಸ್ನಾನ ಮಾಡಿ, ವಿಭೂತಿ ಧರಿಸಿ, ಠಾಣೆಗೆ ನಡೆದು ಬಂದು ಎಲ್ಲ ಒಪ್ಪಿಕೊಂಡರು.

ಇನ್ನು ನ್ಯಾಯ ಸಿಕ್ಕಿತು ಎಂದುಕೊಂಡೆ. ಇನ್‌ಸ್ಪೆಕ್ಟರು ಹೇಳಿಕೆಗೆ ಆಸ್ಪತ್ರೆಗೆ ಬಂದರೆ, ನನ್ನ ಗಂಡ ಬ್ಯಾಂಡೇಜಿನೊಳಗಿಂದ, "ನಂದು ಕಂಪ್ಲೇಂಟ್ ಇಲ್ರೀ ಸಾಹೇಬ್ರ," ಎಂದುಬಿಟ್ಟರು.

ಇನ್‌ಸ್ಪೆಕ್ಟರು ಹೋದ ಮೇಲೆ ನಾನು ಕೂಗಿದೆ, ವಾರ್ಡಿನವರೆಲ್ಲ ತಿರುಗಿ ನೋಡಿದರೂ ಕೂಗಿದೆ. "ಮೈ ಸುಟ್ಟೈತಿ ನಿಮ್ದು! ಯಾರಿಗ್ ಹೆದರೀರಿ?"

"ಹೆದರಿಲ್ಲ. ಪಂಕ್ತಿ ದೂರು ಹಂಗ ಹೇಳಬಾರದಿತ್ತು ನಾ. ದೊನ್ನಿ ಇಡಬೇಕಿತ್ತು," ಎಂದರು.

"ಚರ್ಮ ಹೋಗೈತಿ, ದೊನ್ನಿ ಮಾತಾಡ್ತೀರಲ್ರೀ ನೀವು!"

"ಅವ್ರ ಮರ್ಯಾದಿ ಹೋತಲ್ಲ ಮಹಾನಂದಾ, ಎಲ್ಲಾರ ಮುಂದ."

ನಾನು ಹಣ್ಣಿನ ಚೀಲವನ್ನು ಗೋಡೆಗೆ ಎಸೆದು ಹೊರಗೆ ಬಂದೆ.

ಪ್ರಕಾಶ ಅಳುತ್ತಾ ಬಂದ, ಖರ್ಚೆಲ್ಲ ತಾನೇ ನೋಡಿಕೊಂಡ. ಅವನು ಕೆಟ್ಟವನಲ್ಲ. ಆದರೆ ದೊನ್ನೆಯ ಪದ್ಧತಿ ನನ್ನ ಬಾಯಿಂದ ಕೇಳಿದ ಕೂಡಲೇ ಅವನ ಕಣ್ಣು ಹೊಳೆದದ್ದನ್ನು ನಾನು ಕಂಡೆ. ಮೆಸೇಜಿನ ಮುಂದೆ ಒಂದು ಗುರುತು ಹಾಕಿದರೆ ಅದು ಮೇಸ್ತ್ರಿಗೆ ಮಾತ್ರ ಹೋಗುವಂತೆ ಏರ್ಪಾಟನ್ನು ಬದಲಿಸಿದ. ಅದಕ್ಕೆ ದೊನ್ನೆ ಎಂದೇ ಹೆಸರಿಟ್ಟ. ಎಲ್ಲ ಕೆಲಸದ ಜಾಗದಲ್ಲೂ ಎಲ್ಲರಿಗೂ ಹೇಳಬೇಕಾದ ಮಾತು ಒಂದು, ಒಬ್ಬರಿಗೇ ಹೇಳಬೇಕಾದ ಮಾತು ಒಂದು ಇರುತ್ತದೆಂದು ಅವನಿಗೆ ಅರ್ಥವಾಗಿತ್ತು. ಟೈ ಕಟ್ಟಿ ಅಲೆದಾಗ ಸಿಗದ ಗಿರಾಕಿಗಳು ಈಗ ಮೆಟ್ಟಿಲು ಹತ್ತಿ ಬಂದರು. ನರ್ಸಿಂಗ್ ಹೋಮಿನವರು, ಲಾರಿ ಆಫೀಸಿನವರು, ತರಕಾರಿ ಮಂಡಿಯವರು. "ಮೇಡಂ, ನೀವು ಪಾರ್ಟ್‌ನರ್ ಆಗ್ಬಿಡಿ," ಎಂದ. ನನ್ನ ಗಂಡನ ಸುಟ್ಟ ಚರ್ಮದಿಂದ ಇವನ ಕಂಪನಿ ಎದ್ದಿತು ಎಂದು ನನಗೆ ಅನಿಸುತ್ತಿತ್ತು, ಅದನ್ನು ಅವನ ಮುಖಕ್ಕೇ ಹೇಳಿದೆ. ಅವನು ತಲೆ ತಗ್ಗಿಸಿದ, ಹೆಸರು ಮಾತ್ರ ಬದಲಿಸಲಿಲ್ಲ.

ಸೊಲ್ಲಾಪುರಕ್ಕೆ ವಾಪಸು ಹೋಗುವುದೆಂದು ನಾನು ನಿರ್ಧರಿಸಿದೆ. ಗಾಯ ಮಾಯ್ದಿತ್ತು, ಬಲಗೈ ಪೂರ್ತಿ ಮೇಲೇಳುತ್ತಿರಲಿಲ್ಲ. ಗಂಡ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಇಬ್ಬರಿಗೂ ಟಿಕೆಟು ತೆಗೆಸಿದೆ. ಪಾತ್ರೆ ಕಟ್ಟಿದೆ. ಮನೆ ಒಡತಿ ಕಣ್ಣೊರೆಸಿಕೊಂಡು, "ನೀವು ಹೋದ್ರೆ ಮನೇಲಿ ಸದ್ದೇ ಇರಲ್ಲ ಕಣಮ್ಮ," ಎಂದರು. ಹೊರಡುವ ದಿನ ಬೆಳಿಗ್ಗೆ ಬೀಗದ ಕೈ ಕೊಟ್ಟು ಬರಲು ಆಫೀಸಿಗೆ ಹೋದೆ. ಗಂಡ ಸಾಮಾನು ಕಾಯುತ್ತಾ ಮನೆಯಲ್ಲಿದ್ದರು.

ಪರದೆ ತೆರೆದಿತ್ತು. ಅಡುಗೆ ಗುಂಪಿನಲ್ಲಿ ಹೊಸ ಸಾಲೊಂದು ಬಂದಿತ್ತು, ಶಿವಾನಂದ ಎಂಬ ಹೆಸರಿನಿಂದ: "ನಾನು ಬರ್ತೀನಿ. ಯಾವ ಛತ್ರ?"

ಬರ್ತೀನಿ ಎಂದು ಬರೆದಿದ್ದರು, ಬೆಂಗಳೂರಿನವರ ಹಾಗೆ. ನನಗೆ ಹೇಳಲಾರದ ಮಾತನ್ನು ಊರಿಗೆಲ್ಲ ಹೇಳಿದ್ದರು. ಅದರ ಕೆಳಗೆ ಉತ್ತರಗಳು ಒಂದರ ಮೇಲೊಂದು ಬೀಳತೊಡಗಿದವು. ಬಾ ಗುರು. ಬನ್ನಿ ಅಣ್ಣಾ. ಕೈ ಹೆಂಗಿದೆ ಮಗಾ. ಅವರ ಗಾಯಕ್ಕೆ ಒಬ್ಬ ಸಾಕ್ಷಿ ಸಿಗದ ಗುಂಪು, ಅವರನ್ನು ಕರೆಯಲು ಮುಗಿಬಿದ್ದಿತ್ತು. ಕೊನೆಗೆ ಮಹದೇವಯ್ಯನವರದು: "ಎನ್.ಆರ್. ಕಾಲೋನಿ. ಭಾರ ಎತ್ತಬೇಡ, ನೀರು ಬಡಿಸು ಸಾಕು."

ಹೋಗಬೇಡಿ ಎಂದು ಹೇಳಬೇಕಾಗಿತ್ತು. ಅವರ ಮೊಬೈಲಿಗೆ ಕರೆ ಮಾಡಿದೆ, ಎತ್ತಲಿಲ್ಲ. ಕಂಪನಿಯ ಹೆಸರಿನಿಂದ ಗಂಡನನ್ನು ಕರೆಯಲು ಮನಸ್ಸಾಗಲಿಲ್ಲ. ಅವರು ಎಲ್ಲರ ಮುಂದೆ ಹೇಳಿದ್ದಾರೆ, ನಾನೂ ಎಲ್ಲರ ಮುಂದೆಯೇ ನನ್ನ ಹೆಸರಿನಿಂದ ಹೇಳುತ್ತೇನೆಂದು ನನ್ನ ಮೊಬೈಲಿನಲ್ಲಿ ಬರೆದೆ: "ಹೋಗಬ್ಯಾಡ್ರಿ. ಇವತ್ತ ಊರಿಗೆ ಹೋಗೋದೈತಿ. ಮಹಾನಂದಾ." ಗುಂಪಿನ ನಂಬರಿಗೆ ಕಳಿಸಿದೆ. ಮೇಜಿನ ಮೇಲಿನ ಯಂತ್ರ ಒಮ್ಮೆ ಮಿನುಗಿತು. ನನ್ನ ಸಾಲು ಪರದೆಯ ಮೇಲೆ ಬರಲಿಲ್ಲ. ಕೈಯಲ್ಲಿದ್ದ ಮೊಬೈಲು ಗುಂಯ್ ಎಂದಿತು: "ನೀವು ಈ ಗುಂಪಿನವರಲ್ಲ. ದಯವಿಟ್ಟು ನಿಮ್ಮ ಮೇಸ್ತ್ರಿಯನ್ನು ಕೇಳಿ."

ಹೊರಗಿನವರು ಬರೆದರೆ ಹೋಗಲೆಂದು ಆ ಉತ್ತರವನ್ನು ಯಂತ್ರಕ್ಕೆ ಹಾಕಿಟ್ಟವಳು ನಾನೇ.

ರೈಲು ಹೊರಡುವ ಹೊತ್ತಿಗೆ ನಾನು ಸ್ಟೇಷನ್ನಿನಲ್ಲಿ ಇರಲಿಲ್ಲ, ಎನ್.ಆರ್. ಕಾಲೋನಿಯ ಛತ್ರಕ್ಕೂ ಹೋಗಲಿಲ್ಲ. ಮೊಬೈಲನ್ನು ಗೋಡೆಗೆ ಬಡಿದು ಒಡೆದು, ಚೂರುಗಳನ್ನು ಕಾಲಿನಿಂದ ಮೂಲೆಗೆ ತಳ್ಳಿ, ಅದೇ ಕುರ್ಚಿಯಲ್ಲಿ ಕೂತು, ಮಂಡಿಯವರ ಹೊಸ ಗುಂಪಿಗೆ ಹೆಸರುಗಳನ್ನು ಸೇರಿಸುತ್ತಿದ್ದೆ.